‘ಬಿರ್ನೆ ಬಾ’ಯಿಂದ ‘ಅರ್ಜೆಂಟ್’ವರೆಗೆ: ಅವಸರದ ಮಾತುಗಳ ಒಂದು ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಗುರುಗಳೊಬ್ಬರು ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, “ಯಾವಾಗ ಕೊಡಬೇಕು ಸಾರ್?” ಅವರು ನಗುತ್ತಾ, “ಅರ್ಜೆಂಟೇನಿಲ್ಲ ಕಣಯ್ಯ, ಆದ್ರೂ ಬೇಗ ಕೊಡು” ಎಂದರು. ಫೋನ್ ಇಟ್ಟ ಮೇಲೆ ಈ ಮಾತು ತಲೆಯಲ್ಲಿ ಉಳಿಯಿತು. ಅರ್ಜೆಂಟ್ ಅಲ್ಲ, ಆದರೆ ಬೇಗ ಬೇಕು. ಎರಡೂ ಅವಸರದ ಮಾತುಗಳೇ. ಹಾಗಿದ್ದರೂ ಒಂದು ಇನ್ನೊಂದಕ್ಕಿಂತ ಮೆತ್ತಗೆ ಕೇಳುತ್ತದೆ, ಏಕೆ?

ನಾನು ಇತಿಹಾಸಕಾರನಲ್ಲ, ಭಾಷಾಪಂಡಿತನೂ ಅಲ್ಲ. 2006ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ದಿನವೊಂದಕ್ಕೆ ಅವಸರದ ಮಾತನ್ನು ನನ್ನಷ್ಟು ಸಲ ಕೇಳುವವರು ಬೇರೆ ಕಸುಬಿನಲ್ಲಿ ಕಡಿಮೆ ಇರಬಹುದು. ಆ ಮಾತುಗಳು ಎಲ್ಲಿಂದ ಬಂದವು, ಯಾರ ಜೊತೆ ಬಂದವು ಎಂದು ಬಿಡುವಾದಾಗಲೆಲ್ಲ ನಿಘಂಟುಗಳಲ್ಲಿ ಹುಡುಕುತ್ತಾ ಬಂದಿದ್ದೇನೆ. ಅದರಲ್ಲಿ ಸಿಕ್ಕಿದ್ದನ್ನು ನನ್ನ ಶಾಲೆಯವರ ಮುಂದೆ ಇಡುತ್ತಿದ್ದೇನೆ.

ಮನೆಯ ಮಾತು

ನಾನು ಕೇಳಿದ ಮೊದಲ ಅವಸರದ ಮಾತು ಅಜ್ಜಿಯದು. “ಬಿರ್ನೆ ಬಾರೋ ಮಗ, ಹುಳ ಹಣ್ಣಾಗವೆ!”

ರೇಷ್ಮೆ ಬೆಳೆದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ಮಕ್ಕಳಿಗಾಗಿ ಹೇಳುತ್ತೇನೆ. ಹುಳು ನಾಲ್ಕು ಜ್ವರ ಕಳೆದು ಐದನೆಯ ಹಂತಕ್ಕೆ ಬಂದರೆ ಸುಮಾರು ಒಂದು ವಾರ ಎಡೆಬಿಡದೆ ತಿನ್ನುತ್ತದೆ. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಹತ್ತಕ್ಕೆ ಎಂಟು ಪಾಲನ್ನು ಆ ಒಂದೇ ವಾರದಲ್ಲಿ ಮುಗಿಸುತ್ತದೆ. ಆಮೇಲೆ ಮೈ ಹಳದಿಗೆ ತಿರುಗಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಗಲೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಸಿಕ್ಕಿದ ಜಾಗದಲ್ಲೇ ನೂಲು ಬಿಟ್ಟು ಹಾಳುಮಾಡುತ್ತದೆ. ಸುಮಾರು ಇಪ್ಪತ್ತೈದು ದಿನದ ಇಡೀ ಮನೆಯ ದುಡಿಮೆ ಆ ಕೆಲವು ಗಂಟೆಗಳಲ್ಲಿ ನಿಂತಿರುತ್ತದೆ. ಗೂಡು ಕಟ್ಟಿದ ಮೇಲೂ ಬಿಡುವಿಲ್ಲ. ಒಳಗಿನ ಚಿಟ್ಟೆ ತೂತು ಕೊರೆದು ಹೊರಬರುವ ಮೊದಲೇ ಗೂಡು ಬಿಡಿಸಿ ರಾಮನಗರಕ್ಕೋ ಕನಕಪುರಕ್ಕೋ ಮಾರ್ಕೆಟ್ಟಿಗೆ ಸಾಗಿಸಬೇಕು.

ಅಜ್ಜಿ ‘ಬಿರ್ನೆ’ ಎಂಬ ಮಾತನ್ನು ಸುಮ್ಮಸುಮ್ಮನೆ ಬಳಸುತ್ತಿರಲಿಲ್ಲ. ಹುಳ ಹಣ್ಣಾದಾಗ, ಕಣದಲ್ಲಿ ರಾಗಿ ಹರಡಿರುವಾಗ ಕಬ್ಬಾಳು ಬೆಟ್ಟದ ಕಡೆಯಿಂದ ಮೋಡ ಎದ್ದಾಗ, ಹಸು ಈಯುವಾಗ. ಇಷ್ಟೇ. ಉಳಿದ ಹೊತ್ತಿನಲ್ಲಿ ಅವರ ಬಾಯಲ್ಲಿ “ಬಾ”, “ನಡಿ” ಎಂಬ ಮಾತೇ ಸಾಕಾಗುತ್ತಿತ್ತು. ಹಾಗಾಗಿ ‘ಬಿರ್ನೆ’ ಎಂದ ಕೂಡಲೇ ನಾವು ಕೈಲಿದ್ದುದನ್ನು ಬಿಸಾಡಿ ಓಡುತ್ತಿದ್ದೆವು.

ಬಿರ್ನೆ, ಬಿರಬಿರನೆ, ಸರಸರ, ದಡದಡ, ಚಕಚಕ ಇವೆಲ್ಲ ಕನ್ನಡದ್ದೇ ಪದಗಳು. ಇವುಗಳಿಗೆ ಅನುಕರಣಾವ್ಯಯ ಎನ್ನುತ್ತಾರೆಂದು ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಓಟದ ಸದ್ದೇ ಮಾತಾಗಿರುವ ಪದಗಳಿವು. ನಾವು ದಿನವೂ ಆಡುವ ‘ಬೇಗ’ ಮಾತ್ರ ಸಂಸ್ಕೃತದ ‘ವೇಗ’ದಿಂದ ಬಂದದ್ದು. ‘ವನ’ವು ಬನವಾದಂತೆ, ‘ವಸತಿ’ಯು ಬಸದಿಯಾದಂತೆ ‘ವೇಗ’ ನಮ್ಮ ಬಾಯಲ್ಲಿ ಬೇಗವಾಯಿತು. ಇಂಥ ತದ್ಭವಗಳ ನಿಯಮವನ್ನು ಕೇಶಿರಾಜ 13ನೇ ಶತಮಾನದಲ್ಲೇ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಉತ್ತರ ಕರ್ನಾಟಕದ ನನ್ನ ಸಹೋದ್ಯೋಗಿಗಳು “ಲಗೂನ ಬಾ” ಎನ್ನುತ್ತಾರೆ. ಅದು ‘ಲಘು’, ಅಂದರೆ ಹಗುರ. ಮೈ ಹಗುರ ಮಾಡಿಕೊಂಡು ಬಾ ಎಂದ ಹಾಗೆ.

ಇನ್ನೆರಡು ಪದಗಳ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ‘ಅವಸರ’ ಎಂದರೆ ಸಂಸ್ಕೃತದಲ್ಲಿ ಸಂದರ್ಭ, ಸಮಯ, ಅವಕಾಶ. ತೆಲುಗಿನವರಿಗೆ ಅದೇ ಪದ ‘ಅಗತ್ಯ’. ನಮಗೆ ಮಾತ್ರ ಗಡಿಬಿಡಿ. ‘ಆತುರ’ ಎಂದರೆ ಮೂಲದಲ್ಲಿ ರೋಗಿ, ನರಳುವವನು; ಆಯುರ್ವೇದದ ಪುಸ್ತಕಗಳಲ್ಲಿ ಇವತ್ತಿಗೂ ರೋಗಿಯನ್ನು ಹಾಗೆಯೇ ಕರೆಯುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳುವಾಗ ಆ ಹಳೆಯ ಅರ್ಥವೂ ಒಳಗೊಳಗೇ ಇದೆ ಎಂದು ನನಗನಿಸುತ್ತದೆ.

ಅಂಚೆ, ದಂಡು, ಕಚೇರಿ

ಹುಳುವೂ ಮೋಡವೂ ಅವಸರಪಡಿಸುವುದು ಒಂದು ಬಗೆ. ದೊರೆಯೂ ಕಚೇರಿಯೂ ಅವಸರಪಡಿಸುವುದು ಇನ್ನೊಂದು ಬಗೆ. ಮೈಸೂರು ಸೀಮೆಗೆ ಅಂಚೆಯ ವ್ಯವಸ್ಥೆ ಮಾಡಿದ ಕೀರ್ತಿ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. 17ನೇ ಶತಮಾನದ ಮಾತು ಅದು. ಗೆಜ್ಜೆ ಕಟ್ಟಿದ ಕೋಲು ಹಿಡಿದು ಅಂಚೆಯಾಳು ಓಡಿದರೆ ದಾರಿಯವರು ಪಕ್ಕಕ್ಕೆ ಸರಿಯಬೇಕಿತ್ತು. ಮೈಸೂರಿನ ಈ ಸ್ವಂತ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು.

ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಪಾರಸಿ ಭಾಷೆ ದರಬಾರಿನಲ್ಲಿ ಗಟ್ಟಿಯಾಯಿತು. ಅದರ ಮುಂಚೆ ಮತ್ತು ಆಮೇಲೂ ದಂಡು, ಕಂದಾಯ, ವ್ಯಾಪಾರಗಳ ಜೊತೆ ಪಾರಸಿ ಮತ್ತು ಅರಬ್ಬಿ ಪದಗಳು ಕನ್ನಡದೊಳಕ್ಕೆ ಬರುತ್ತಲೇ ಇದ್ದವು. ಜಲ್ದಿ, ಜರೂರು, ತಾಕೀದು, ತಗಾದೆ ಈ ನಾಲ್ಕನ್ನು ನೋಡಿ. ‘ಜಲ್ದಿ’ಯ ಮೂಲ ಪಾರಸಿಯ ‘ಜಲ್ದ್’, ಅಂದರೆ ಚುರುಕು. ‘ಜರೂರು’ ಅರಬ್ಬಿ, ಅದರ ಅರ್ಥ ‘ಅಗತ್ಯ’. ‘ತಾಕೀದು’ ಎಂದರೆ ಒತ್ತಿ ಹೇಳುವುದು. ‘ತಗಾದೆ’ ಎಂದರೆ ಬಾಕಿಯನ್ನು ಕೇಳುವುದು. ಮೊದಲನೆಯದನ್ನು ಬಿಟ್ಟರೆ ಉಳಿದ ಮೂರರಲ್ಲಿ ವೇಗದ ಅರ್ಥವೇ ಇಲ್ಲ. ಅಧಿಕಾರ ಇರುವವನು ಅಗತ್ಯ ಎಂದನೆಂದರೆ, ಒತ್ತಿ ಹೇಳಿದನೆಂದರೆ, ಬಾಕಿ ಕೇಳಿದನೆಂದರೆ ಕೆಳಗಿನವನು ಓಡಲೇಬೇಕು. ಆ ಓಟವೇ ಪದದ ಅರ್ಥವಾಗಿ ನಿಂತಿತು.

ಸರ್ಕಾರಿ ಕಾಗದಗಳ ತಲೆಯ ಮೇಲೆ ‘ಜರೂರು’ ಎಂದು ಬರೆಯುವ ಪದ್ಧತಿ ಇವತ್ತಿಗೂ ಇದೆ. ಆದರೆ ಬರೀ ‘ಜರೂರು’ ಎಂದು ಬರೆದ ಕಾಗದವನ್ನು ಈಗ ಯಾರೂ ಹೆದರಿ ತೆರೆಯುವುದಿಲ್ಲ. ಅದಕ್ಕೇ ‘ಅತಿ ಜರೂರು’ ಎಂದಾಯಿತು. ಈ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ರೈಲು, ತಂತಿ, ಬಸ್ಸು

ನಿಮಿಷದ ಲೆಕ್ಕದ ಅವಸರ ನಮ್ಮ ಸೀಮೆಗೆ ಬಂದದ್ದು ರೈಲಿನ ಜೊತೆ. ಚನ್ನಪಟ್ಟಣ, ಮದ್ದೂರಿನ ಮೂಲಕ ಬೆಂಗಳೂರು–ಮೈಸೂರು ರೈಲು ದಾರಿ 1882ರ ಹೊತ್ತಿಗೆ ಪೂರ್ತಿಯಾಯಿತು. ಅದಕ್ಕೆ ಮೊದಲು ಹೊತ್ತು ಎಂದರೆ ಹೊತ್ತು ಮೂಡುವುದು, ನೆತ್ತಿಗೆ ಬರುವುದು, ಮುಳುಗುವುದು. ರೈಲಿಗೆ ಅದು ಸಾಲದು. ಅಂದಿನ ರೈಲುಗಳು ಮದ್ರಾಸಿನ ಗಡಿಯಾರದ ಪ್ರಕಾರ ಓಡುತ್ತಿದ್ದವು. ದೇಶಕ್ಕೆಲ್ಲ ಒಂದೇ ಹೊತ್ತು ಎಂದು ನಿಗದಿಯಾಗಿದ್ದು 1906ರಲ್ಲಿ.

ರೈಲು ನಿಲ್ದಾಣಕ್ಕೆ ಹೋಗಲು ಜಟಕಾ ಬಂತು. ಈ ಹೆಸರಿನಲ್ಲೇ ಅವಸರವಿದೆ. ದಖನಿಯಲ್ಲಿ ‘ಝಟ್‌ಕಾ’ ಎಂದರೆ ಚುರುಕು ಎಂದು ಹಳೆಯ ಇಂಗ್ಲಿಷ್ ನಿಘಂಟುಕಾರರು ಬರೆದಿದ್ದಾರೆ. ಟಾಂಗಾ ಓಡಿಸುವ ಬಸಂತಿಯನ್ನು ದೇಶಕ್ಕೆಲ್ಲ ಪರಿಚಯಿಸಿದ ‘ಶೋಲೆ’ ಚಿತ್ರ ನಮ್ಮ ರಾಮನಗರದ ಬಂಡೆಗಳ ನಡುವೆಯೇ ತಯಾರಾಗಿ 1975ರಲ್ಲಿ ತೆರೆಗೆ ಬಂತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ತಂತಿಯ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಸಾಧಾರಣ ತಂತಿ ಒಂದು, ಎರಡರಷ್ಟು ಹಣ ಕೊಟ್ಟರೆ ಎಕ್ಸ್‌ಪ್ರೆಸ್ ತಂತಿ. ಪದಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಿದ್ದುದರಿಂದ ಅವಸರವನ್ನು ನಾಲ್ಕೈದು ಪದಗಳಲ್ಲಿ ಹೇಳಿ ಮುಗಿಸಬೇಕಿತ್ತು. ಮನೆಗೆ ತಂತಿ ಬಂತೆಂದರೆ ಓದಿಸುವ ಮುಂಚೆಯೇ ಹೆಂಗಸರು ಅಳಲು ಶುರುಮಾಡುತ್ತಿದ್ದರಂತೆ. 2013ರ ಜುಲೈನಲ್ಲಿ ಆ ಸೇವೆ ನಿಂತಿತು.

ಇನ್ನು ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ನಮ್ಮ ಹಳ್ಳಿಗಳ ಸಾವಿರಾರು ಜನ ಒಂದಕ್ಷರ ಕಲಿಯದೆಯೂ ಆಡಿದ ಮೊದಲ ಇಂಗ್ಲಿಷ್ ಮಾತುಗಳು ಕಂಡಕ್ಟರ್ ಬಾಯಿಂದ ಬಂದವು: “ರೈಟ್ ರೈಟ್”, “ಹೋಲ್ಡಾನ್”. ಇಂಗ್ಲಿಷಿನ ‘ರೈಟ್’ ಎಂದರೆ ಸರಿ. ನಮಗೆ ಅದು ‘ಹೊರಡು’. ‘ಹೋಲ್ಡ್ ಆನ್’ ಎಂದರೆ ತಾಳು, ಬಿಗಿಯಾಗಿ ಹಿಡಿದುಕೋ. ನಮಗೆ ಅದು ‘ನಿಲ್ಲಿಸು’. ಕನಕಪುರದ ಕಡೆಯಿಂದ ಬಂದ ಬಸ್ಸು ಸಾತನೂರಿನಲ್ಲಿ ನಿಂತಾಗ, “ಬಿರ್ನೆ ಹತ್ರಪ್ಪಾ, ಮುಂದಕ್ಕೋಗಿ ಮುಂದಕ್ಕೆ, ರೈಟ್ ರೈಟ್!” ಎಂದು ಕೇಳುತ್ತಿದ್ದ ಕೂಗಿನಲ್ಲಿ ಕನ್ನಡದ ಅವಸರವೂ ಇಂಗ್ಲಿಷಿನ ಅವಸರವೂ ಒಂದೇ ಉಸಿರಿನಲ್ಲಿ ಇದ್ದವು.

ನಾನು ಮಾತ್ರ ನಾಲ್ಕು ಕಿಲೋಮೀಟರು ನಡೆದೇ ಶಾಲೆಗೆ ಬರುತ್ತಿದ್ದೆ. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು 2006–07ರಲ್ಲಿ, ನಾನು ಶಾಲೆ ಬಿಟ್ಟ ಮೇಲೆ! ದೂರದಿಂದ ಮೊದಲ ಗಂಟೆ ಕೇಳಿದರೆ ನಡಿಗೆ ಓಟವಾಗುತ್ತಿತ್ತು. ಗೇಟಿನ ಬಳಿ ಪಿ.ಟಿ. ಮೇಷ್ಟ್ರು ನಿಂತು “ಡಬಲ್ ಅಪ್, ಡಬಲ್ ಅಪ್” ಎನ್ನುತ್ತಿದ್ದರು. ಅದು ಸೈನ್ಯದ ಕವಾಯತಿನ ಮಾತು, ಮಾಮೂಲಿ ಹೆಜ್ಜೆಯನ್ನು ಬಿಟ್ಟು ಓಡುವ ಹೆಜ್ಜೆ ಹಾಕಿರಿ ಎಂಬ ಆಜ್ಞೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಇಂಗ್ಲಿಷಿನವರ ಅವಸರ

ನಮ್ಮ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. ಒಂದನೇ ತರಗತಿಯಿಂದಲೇ ಅದು ಬಂದದ್ದು 2007–08ರಿಂದ. ಪುಸ್ತಕದಲ್ಲಿ ನಾವು ಕಲಿತದ್ದು ‘ಹರಿ ಅಪ್’, ‘ಕಮ್ ಕ್ವಿಕ್ಲಿ’ ಎಂಬ ಎರಡೇ. ಕೆಲಸಕ್ಕೆ ಸೇರಿದಾಗ ಇಂಥವು ಹತ್ತಾರು ಇವೆ, ಒಂದೊಂದಕ್ಕೂ ಒಂದೊಂದು ಜಾಗವಿದೆ ಎಂದು ಗೊತ್ತಾಯಿತು. ಈಗ ಓದುತ್ತಿರುವ ಮಕ್ಕಳಿಗೆ ಉಪಯೋಗವಾಗಲಿ ಎಂದು ಕೆಲವನ್ನು ಹೇಳುತ್ತೇನೆ.

ಗೆಳೆಯರಲ್ಲಿ ‘ಹರಿ ಅಪ್’, ‘ಕಮ್ ಆನ್’ ನಡೆಯುತ್ತದೆ. ಹಿರಿಯರಿಗೆ ಹಾಗೆ ಹೇಳಿದರೆ ಒರಟಾಗುತ್ತದೆ. ‘ಗೆಟ್ ಎ ಮೂವ್ ಆನ್’ ಎಂದರೆ ಹೇಳುವವನ ತಾಳ್ಮೆ ಮುಗಿದಿದೆ ಎಂದರ್ಥ. ‘ಸ್ಟೆಪ್ ಆನ್ ಇಟ್’ ಎಂದರೆ ಕಾರಿನ ಆಕ್ಸಿಲರೇಟರ್ ತುಳಿ ಎಂದು. ಕಾರು ಬಂದ ಮೇಲೆ ಹುಟ್ಟಿದ ಮಾತು. ‘ಆನ್ ದಿ ಡಬಲ್’ ನಮ್ಮ ಪಿ.ಟಿ. ಮೇಷ್ಟ್ರ ಮಾತಿನ ಅಣ್ಣ. ‘ಚಾಪ್ ಚಾಪ್’ ಚೀನಾದ ಕ್ಯಾಂಟನ್ ಬಂದರಿನಲ್ಲಿ ಇಂಗ್ಲಿಷ್ ವರ್ತಕರೂ ಅಲ್ಲಿನವರೂ ಆಡುತ್ತಿದ್ದ ಬೆರಕೆ ಭಾಷೆಯಿಂದ ಬಂದದ್ದು. ಅದನ್ನು ಕೈಕೆಳಗಿನವರಿಗೆ ಹೇಳುತ್ತಿದ್ದುದರಿಂದ ಇವತ್ತಿಗೂ ಅದರಲ್ಲಿ ದೊಡ್ಡಸ್ತಿಕೆಯ ವಾಸನೆ ಇದೆ. ನಮ್ಮ ಆಫೀಸುಗಳಲ್ಲಿ ದಿನವೂ ಬರುವ ‘ಎ.ಎಸ್.ಎ.ಪಿ.’, ಅಂದರೆ ‘ಸಾಧ್ಯವಾದಷ್ಟು ಬೇಗ’, 1950ರ ದಶಕದಲ್ಲಿ ಅಮೆರಿಕದ ಸೈನ್ಯದ ಬಳಕೆಯಿಂದ ಹರಡಿದ್ದು.

‘ಡೆಡ್‌ಲೈನ್’ ಎಂಬ ಪದದ ಕಥೆ ಕೇಳಿ ನಾನು ಬೆಚ್ಚಿದ್ದೆ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, ಆಂಡರ್ಸನ್‌ವಿಲ್‌ನಂಥ ಸೆರೆ ಶಿಬಿರಗಳಲ್ಲಿ ಗೋಡೆಯ ಒಳಗಡೆ ಒಂದು ಗೆರೆ ಇರುತ್ತಿತ್ತು. ಆ ಗೆರೆ ದಾಟಿದ ಕೈದಿಯನ್ನು ಕಾವಲುಗಾರ ಗುಂಡಿಟ್ಟು ಕೊಲ್ಲಬಹುದಿತ್ತು. ಅದೇ ‘ಸಾವಿನ ಗೆರೆ’. ಮುಂದೆ ಪತ್ರಿಕೆಯವರು ಸುದ್ದಿ ಕೊಡಬೇಕಾದ ಕೊನೆಯ ಗಳಿಗೆಗೆ ಆ ಹೆಸರಿಟ್ಟರು. ಈಗ ನಮ್ಮಂಥವರು ಪ್ರತಿ ಶುಕ್ರವಾರ ಅದನ್ನು ದಾಟುತ್ತಲೂ ದಾಟದೆಯೂ ಬದುಕಿದ್ದೇವೆ!

ಪಾಠ ಕಲಿತದ್ದು

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊರದೇಶದ ಗ್ರಾಹಕರೊಬ್ಬರು ಒಂದು ತಪ್ಪನ್ನು ಸರಿಪಡಿಸಲು ಪತ್ರ ಬರೆದಿದ್ದರು. ಕೊನೆಯ ಸಾಲಿನಲ್ಲಿ ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯೆನ್ಸ್’ ಎಂದಿತ್ತು. ನಾನು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡೆ: ‘ನಿಮಗೆ ಅನುಕೂಲವಾದಾಗ’. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಬೇರೆ ಕೆಲಸ ಮುಗಿಸಿ ನಾಲ್ಕು ದಿನ ಬಿಟ್ಟು ಕೈಹಾಕಿದೆ. ಅಷ್ಟರಲ್ಲಿ ದೂರು ಮೇಲಿನವರೆಗೂ ಹೋಗಿತ್ತು. ಸಭೆಯಲ್ಲಿ ಎಲ್ಲರೆದುರು ಬೈಸಿಕೊಂಡೆ. ಹೊರಗೆ ಬಂದಾಗ ಒಬ್ಬರು ಮೆಲ್ಲಗೆ, “ಕನ್ನಡ ಮೀಡಿಯಮ್ಮಾ?” ಎಂದು ಕೇಳಿದರು. ಬೈಗುಳಕ್ಕಿಂತ ಆ ಪ್ರಶ್ನೆ ಹೆಚ್ಚು ನೋಯಿಸಿತು.

ಆ ರಾತ್ರಿ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಕೇಳಿ ಅವರು ನಕ್ಕರು. “ಲೋ, ಮದುವೆ ಮನೇಲಿ ‘ಸಾವಕಾಶವಾಗಿ ಊಟ ಮಾಡಿ’ ಅಂತಾರಲ್ವಾ? ಹೇಳ್ತಾ ಹೇಳ್ತಾನೇ ಮುಂದಿನ ಪಂಕ್ತಿಯವರು ನಿನ್ನ ಹಿಂದೆ ಬಂದು ನಿಂತಿರ್ತಾರೆ. ಆಗ ನೀನು ಸಾವಕಾಶವಾಗಿ ಉಣ್ತೀಯಾ? ಇದೂ ಹಂಗೇ ಕಣೋ. ಮರ್ಯಾದಸ್ಥರ ಅವಸರ ಇದು” ಎಂದರು.

ಅವತ್ತಿನಿಂದ ನಾನು ಇಂಗ್ಲಿಷಿಗೆ ಹೆದರಿಲ್ಲ. ಭಾಷೆ ಯಾವುದಾದರೂ ಮನುಷ್ಯರು ಆಡುವ ಆಟ ಒಂದೇ. ನಮ್ಮೂರಿನಲ್ಲಿ ಅದಕ್ಕೆ ಹೋಲಿಕೆ ಇದ್ದೇ ಇರುತ್ತದೆ ಎಂದು ಆ ಗುರುಗಳು ಒಂದೇ ಮಾತಿನಲ್ಲಿ ತೋರಿಸಿಕೊಟ್ಟರು. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನನ್ನ ತಮ್ಮ ತಂಗಿಯರು ಈ ಮಾತನ್ನು ನೆನಪಿಡಲಿ.

ಸವೆದುಹೋಗುವ ಮಾತು

ಇಷ್ಟೆಲ್ಲ ಹುಡುಕಿದ ಮೇಲೆ ನನಗೆ ತೋರಿದ್ದು ಒಂದೇ ಸಂಗತಿ. ಅವಸರದ ಮಾತುಗಳು ನಾಣ್ಯದಂತೆ ಸವೆಯುತ್ತವೆ. ಇಂಗ್ಲಿಷಿನ ‘ಸೂನ್’ ಎಂಬ ಪದಕ್ಕೆ ಸಾವಿರ ವರ್ಷದ ಹಿಂದೆ ‘ಈ ಕ್ಷಣವೇ’ ಎಂಬ ಅರ್ಥವಿತ್ತು. ಹೇಳಿ ಹೇಳಿ ಈಗ ಅದು ‘ಇಂದಲ್ಲ ನಾಳೆ’ ಎಂಬಷ್ಟಕ್ಕೆ ಇಳಿದಿದೆ. ನಮ್ಮಲ್ಲೂ “ಈಗ ಬಂದೆ” ಎಂದವನು ಈಗ ಬರುವುದಿಲ್ಲ, ಎಲ್ಲರಿಗೂ ಗೊತ್ತು. ‘ಬೇಗ’ ಸವೆದಾಗ ‘ಜಲ್ದಿ’ ಸೇರಿಕೊಂಡಿತು. ‘ಜರೂರು’ ಸವೆದು ‘ಅತಿ ಜರೂರು’ ಆಯಿತು. ಅದೂ ಸಾಲದೆ ‘ಅರ್ಜೆಂಟ್’ ಬಂತು. ಈಗ ‘ಅರ್ಜೆಂಟ್’ ಕೂಡ ಸವೆದಿದೆ. ಹೊಸ ಪದ ತಂದದ್ದರಿಂದ ನಮ್ಮ ಕೆಲಸ ಬೇಗ ಆಯಿತೋ ಇಲ್ಲವೋ, ನಮ್ಮ ಕಿವಿಯಂತೂ ಮಂದವಾಯಿತು.

ಇದನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಗುರುವಾರ ಸಂಜೆ ಅಮ್ಮ ಫೋನ್ ಮಾಡಿದರು. “ಅಜ್ಜಿ ನಿನ್ನೇ ಕೇಳ್ತಾ ಅದೆ ಕಣ್ ಮಗ, ಬಿರ್ನೆ ಬಾ.” ನನ್ನ ಮುಂದಿನ ಪರದೆಯ ಮೇಲೆ ಐದಾರು ಸಂದೇಶಗಳು ಕೆಂಪಕ್ಷರದಲ್ಲಿ ‘ಅರ್ಜೆಂಟ್’ ಎನ್ನುತ್ತಿದ್ದವು. ಅಮ್ಮನದು ಏಳನೆಯದು ಎಂಬಂತೆ ಕೇಳಿಸಿಕೊಂಡು, “ಬೆಳಗ್ಗೆ ಮೊದಲನೇ ಬಸ್ಸಿಗೆ ಬರ್ತೀನಮ್ಮ” ಎಂದೆ. ಕಂಪನಿಯವರನ್ನು ದೂರುವಂತಿಲ್ಲ. ಕೇಳಿದ್ದರೆ ಕಳುಹಿಸುತ್ತಿದ್ದರು. ನಾನು ಕೇಳಲಿಲ್ಲ. ಬೆಂಗಳೂರಿನಿಂದ ನಮ್ಮೂರಿಗೆ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಆ ರಾತ್ರಿಯೇ ಹೊರಟಿದ್ದರೆ ಎರಡು ಮೂರು ಗಂಟೆಯ ದಾರಿ.

ಬೆಳಗ್ಗೆ ಬಸ್ಸು ಸಾತನೂರಿಗೆ ಬರುವಷ್ಟರಲ್ಲಿ ಅಮ್ಮನ ಫೋನು ಬಂತು. ಈ ಸಲ ಅವರು ‘ಬಿರ್ನೆ’ ಎನ್ನಲಿಲ್ಲ. “ನಿಧಾನವಾಗಿ ಬಾ ಮಗ” ಎಂದರು.

ಅವತ್ತು ರಾತ್ರಿಯೆಲ್ಲ ಕೂತು ಮುಗಿಸಿದ ಆ ಅರ್ಜೆಂಟ್ ಕೆಲಸವನ್ನು ಗ್ರಾಹಕರು ಮುಂದೆ ಎರಡು ವಾರ ಮುಂದಕ್ಕೆ ಹಾಕಿದರು.

ಜೀವಮಾನದಲ್ಲಿ ‘ಬಿರ್ನೆ’ ಎಂಬ ಮಾತನ್ನು ಲೆಕ್ಕ ಹಾಕಿ ಖರ್ಚು ಮಾಡಿದ್ದ ಮನೆ ಅದು. ಆ ಮಾತು ಸವೆದಿರಲಿಲ್ಲ. ಸವೆದಿದ್ದುದು ನನ್ನ ಕಿವಿ. ಅಲ್ಲಿಂದೀಚೆಗೆ ನಾನು ನನ್ನ ಕೈಕೆಳಗಿನ ಹುಡುಗರಿಗೆ ‘ಅರ್ಜೆಂಟ್’ ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ಯಾವ ದಿನ, ಎಷ್ಟು ಗಂಟೆಗೆ ಬೇಕು, ಏಕೆ ಬೇಕು ಎಂದು ಬರೆಯುತ್ತೇನೆ. ಕೆಲಸ ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಿದೆ. ನಮ್ಮ ರಾಜ್ಯ ಸರ್ಕಾರ 2012ರಲ್ಲಿ ಸೇವೆಗಳಿಗೆಲ್ಲ ದಿನ ಗೊತ್ತುಮಾಡಿದ ಯೋಜನೆಗೆ ‘ಸಕಾಲ’ ಎಂಬ ಹೆಸರಿಟ್ಟಿತು. ಆ ಹೆಸರು ನನಗೆ ಇಷ್ಟ. ಅದರಲ್ಲಿ ಜಲ್ದಿಯೂ ಇಲ್ಲ, ಜರೂರೂ ಇಲ್ಲ. ಸರಿಯಾದ ಹೊತ್ತು ಎಂಬ ಮಾತು ಮಾತ್ರ ಇದೆ. ನಮ್ಮ ಶಾಲೆಯ ಗಂಟೆ ನಮಗೆ ಕಲಿಸಿದ್ದೂ ಅದನ್ನೇ. ಹೊತ್ತಿಗೆ ಮುಂಚೆ ಅದು ಬಾರಿಸುತ್ತಿರಲಿಲ್ಲ, ಹೊತ್ತು ಮೀರಿಯೂ ಬಾರಿಸುತ್ತಿರಲಿಲ್ಲ. ಅದಕ್ಕೇ ನಾಲ್ಕು ಕಿಲೋಮೀಟರ್ ದೂರದ ಹುಡುಗರೂ ಅದನ್ನು ಕೇಳಿ ಓಡಿ ಬರುತ್ತಿದ್ದರು.

ಐವತ್ತು ವರ್ಷ ತುಂಬಿದ ಈ ಶಾಲೆಗೆ, ನನ್ನನ್ನು ಬೈದು ತಿದ್ದಿದ ಗುರುಗಳಿಗೆ, ಮಕ್ಕಳನ್ನು ಹೊಲದ ಕೆಲಸ ಬಿಡಿಸಿ ಶಾಲೆಗೆ ಕಳುಹಿಸಿದ ಊರಿನ ತಾಯಂದಿರಿಗೆ ನನ್ನ ನಮಸ್ಕಾರಗಳು. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಊರಿನಿಂದ ‘ಬಿರ್ನೆ ಬಾ’ ಎಂದು ಕರೆ ಬಂದರೆ, ಅವತ್ತೇ ಹೊರಡಿ.

– ಹಳೆಯ ವಿದ್ಯಾರ್ಥಿ, 2005–06ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ